ಹಸಿರು ವೇಲು

ಬೀರಣ್ಣ,

ಅವ್ವನ ಜೊತಿ ಬಳ್ಳಾರಿಗೆ ಹೊಂಟೀನಿ, ನರ್ಸಿಂಗ್ ಕಾಲೇಜು, ಹಾಸ್ಟೆಲು ನೋಡಾಕ. "ಪಿಯುಸಿ ಮುಗಿಸಿ ಈಕಿ ಕಾಲೇಜಿಗೆ ಹೋದ್ರ ಕುರಿಮರಿ ಯಾರು ನೋಡ್ಕೊಂತಾರ?" ಅಂತ ಅಪ್ಪನ ಕಿವ್ಯಾಗ ಊದಿದ್ಯಲ್ಲ, ಇವತ್ತು ನೀನ ನೋಡ್ಕೋ.

ಬೋರಲ ಹಾಕಿದ ಬುಟ್ಟಿ ಕೆಳಗಿನ ಮರಿಗಳಿಗೆ ಸೊಪ್ಪು ಹಾಕು. ನೀರು ಮರಿಬ್ಯಾಡ.

ತಾಯಿ ಸತ್ತ ಕರಿ ಮರಿಗೆ ಬಾಟ್ಲಿ ಹಾಲು. ನನ್ನ ವಾಸನಿ ಇಲ್ಲಂದ್ರ ಅದು ಬಾಯಿ ತೆರೆಯಂಗಿಲ್ಲ. ಬಾಗಿಲ ಹಿಂದ ನನ್ನ ಹಸಿರು ವೇಲು ಐತಿ. ತಲಿ ತುಂಬ ಹೊದ್ಕೊಂಡು, ಅಂಗಳದಾಗ ಕುಂತು ಕುಡಿಸು.

ನಿನ್ನ ಕಬಡ್ಡಿ ಗೆಳೆಯರಿಗೆಲ್ಲ ಹೇಳೀನಿ, ನೋಡಾಕ ಬರ್ತಾರ. ಚಾ ಮಾಡಿ ಕೊಡು.

ವೇಲು ನೀನ ಇಟ್ಕೋ. ಹಾಸ್ಟೆಲಿಗೆ ನಾನು ಹೊಸಾದು ತಗೊಂತೀನಿ.

ಮಾಳಮ್ಮ