ಛಲೋ ಬಾಣಂತಿ

ಕುಷ್ಟಗಿ
17 ಜನವರಿ 2002, ಗುರುವಾರ

ನನ್ನ ಸೊಸೆ ಹೇಮಾಳಿಗೆ ಅತ್ತೆ ಹಂಪವ್ವ ಮಾಡುವ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ. ನೀನೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ರೂಢಿ. ಈ ಸಲ ಹಾಗೆ ಬರೆಯಲಾರೆ, ಏಕೆಂದರೆ ನೀನು ಕ್ಷೇಮವಿಲ್ಲ ಎಂಬುದು ನನಗೆ ಗೊತ್ತಾಗಿದೆ. ಹೆದರಬೇಡ. ಮೊದಲು ಈ ಕಾಗದ ಪೂರ್ತಿ ಓದು, ಆಮೇಲೆ ಅಳುವುದಿದ್ದರೆ ಅಳು.

ನಿನ್ನ ಬಾಣಂತನಕ್ಕೆಂದು ನಾನು ಸ್ಟೀಲ್ ಡಬ್ಬಿಯಲ್ಲಿ ಅಂಟಿನ ಉಂಡಿ ಕಳಿಸಿದ್ದೆನಲ್ಲ, ಆ ಡಬ್ಬಿ ಸೋಮವಾರ ತಿರುಗಿ ಬಂತು. ಬರಿ ಡಬ್ಬಿ ಕಳಿಸಬಾರದೆಂದು ನಿನ್ನ ಅವ್ವ ಹೊಳಿಯಮ್ಮ ಹೊಸ ಅಕ್ಕಿ ತುಂಬಿದ್ದಳು. ಅಕ್ಕಿಯನ್ನು ಮೊರಕ್ಕೆ ಸುರಿದೆ. ತಳದಲ್ಲಿ ಹಾಸಿದ್ದ ಪೇಪರಿನ ಕೆಳಗೆ ಗುಳಿಗೆಯ ಪಟ್ಟಿಗಳು, ಗಂಗಾವತಿಯ ಮಾನಸಿಕ ರೋಗದ ಡಾಕ್ಟರ ಚೀಟಿ, ಚೀಟಿಯ ಮೇಲೆ ನಿನ್ನ ಹೆಸರು. ನಮ್ಮ ಕಣ್ಣಿಗೆ ಬೀಳಬಾರದೆಂದು ಅಲ್ಲಿ ಬಚ್ಚಿಟ್ಟು, ಅವಸರದಲ್ಲಿ ಮರೆತು, ನಮ್ಮ ಮನೆಗೇ ಕಳಿಸಿಬಿಟ್ಟಿದ್ದಾಳೆ ನನ್ನ ಬೀಗತಿ. ನಿನ್ನ ಅವ್ವ ಗುಟ್ಟು ಕಾಯುವ ಚೆಂದ ಇದು.

ಸುಳ್ಳು ಹೇಳುವುದಿಲ್ಲ, ಮೊದಲು ಸಿಟ್ಟು ನೆತ್ತಿಗೇರಿತು. ತಲೆ ಕೆಟ್ಟ ಹುಡುಗಿಯನ್ನು ನಮ್ಮ ಕೊರಳಿಗೆ ಕಟ್ಟಿದರೇ ಎಂದು ಗಾಳೇಶನ ಮುಂದೆ ಅಂದೂಬಿಟ್ಟೆ. ನಿನ್ನ ಗಂಡ ಉಣ್ಣುವ ತಾಟು ಸರಿಸಿ, "ಯವ್ವಾ, ಆಕಿ ತಲಿ ಕೆಟ್ಟಿದ್ರ ನಿನ್ನಂಥ ಅತ್ತಿ ಜೋಡಿ ಎರಡು ವರ್ಷ ಬಾಳೇವು ಹೆಂಗ ಮಾಡ್ತಿದ್ಲು? ಏನಾಗೈತಿ ಅಂತ ಮೊದ್ಲ ಕೇಳ್ಕೊಂಡು ಬಾ, ಆಮ್ಯಾಲ ಬೇಕಾದ್ರ ಬೈ" ಎಂದ. ಹೆತ್ತವಳಿಗೇ ಬುದ್ಧಿ ಹೇಳುತ್ತಾನೆ. ಆದರೂ ಅವನ ಮಾತು ಸರಿಯಿತ್ತು.

ಮರುದಿನ ಅಂಗನವಾಡಿಗೆ ರಜೆ ಹಾಕಿ ಗಂಗಾವತಿ ಬಸ್ಸು ಹತ್ತಿದೆ. ನಿನ್ನ ವಿಷಯ ಹೇಳಲು ಡಾಕ್ಟರು ಒಪ್ಪಲಿಲ್ಲ. ಕಾಯಿಲೆ ಎಂಥದ್ದು ಎಂದು ಮಾತ್ರ ತಿಳಿಸಿದರು. "ಇದು ಹುಚ್ಚಲ್ರಿ, ಗಾಳಿ ಸೋಕಿದ್ದೂ ಅಲ್ಲ. ಹಡದ ಮ್ಯಾಲ ಭಾಳ ಮಂದಿಗೆ ಬರ್ತೈತಿ. ನಿದ್ದಿ ಹತ್ತಂಗಿಲ್ಲ, ಕೂಸಿನ ಮ್ಯಾಲ ಮನಸ್ಸು ಹೋಗಂಗಿಲ್ಲ, ನಾ ತಾಯಿ ಆಗಾಕ ಲಾಯಕ್ಕ ಇಲ್ಲ ಅನಿಸ್ತೈತಿ. ವಾಸಿ ಆಗ್ತೈತಿ, ಆದ್ರ ಗುಳಿಗಿ ನಡುವ ಬಿಡಬಾರದು" ಎಂದರು. ಹಾಲೂಡಿಸುವವರಿಗೆ ಆಗಿಬರುವ ಗುಳಿಗೆಯನ್ನೇ ಕೊಡುತ್ತಾರಂತೆ, ಆ ಚಿಂತೆ ಬಿಡು. ಅವರು ಒಂದೊಂದಾಗಿ ಹೇಳುತ್ತಿದ್ದಾಗ ನಾನು ಕುರ್ಚಿ ಗಟ್ಟಿಯಾಗಿ ಹಿಡಿದು ಕುಳಿತಿದ್ದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಕೊನೆಗೆ ಅವರು, ಸೊಸೆಯ ಜೊತೆ ನೀವು ಏನು ಮಾತಾಡುತ್ತೀರಿ ಎಂದು ಕೇಳಿದರು. "ಕೂಸಿನ ತೂಕ ಕೇಳ್ತೀನ್ರಿ" ಎಂದೆ. ಅಂದ ಮೇಲೆ ನಾಚಿಕೆಯಾಯಿತು. ಇಪ್ಪತ್ತು ವರ್ಷ ಅಂಗನವಾಡಿಯಲ್ಲಿ ಊರ ಕೂಸುಗಳನ್ನೆಲ್ಲ ತೂಗಿದ್ದೇನೆ. ತಕ್ಕಡಿಯ ಆಚೆ ನಿಂತ ತಾಯಿಗೆ, ನೀ ಹೆಂಗದಿ ಯವ್ವಾ ಎಂದು ಒಬ್ಬಳಿಗೂ ಕೇಳಿಲ್ಲ.

ತೊಟ್ಟಿಲಿಗೆ ಹಾಕುವ ದಿನ ನಿನ್ನ ತವರು ಕಾರಟಗಿಗೆ ಬಂದಾಗ ನಿನ್ನನ್ನು ಕಣ್ಣಾರೆ ಕಂಡಿದ್ದೆ. ನೀನು ಕಿವಿಗೆ ಬಟ್ಟೆ ಕಟ್ಟಿ, ಕತ್ತಲೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಮಾತಿಲ್ಲ, ನಗುವಿಲ್ಲ. ಬಾಣಂತಿ ಹೊರಗೆ ಬರಬಾರದು, ಹೆಚ್ಚು ಮಾತಾಡಬಾರದು, ಅತ್ತರೆ ಕಣ್ಣು ಹೋಗುತ್ತವೆ ಎಂದು ಹೇಳಿಕೊಟ್ಟವರು ನಾವೇ. ಸೊಸೆ ಎಲ್ಲ ಪಥ್ಯ ಪಾಲಿಸುತ್ತಿದ್ದಾಳೆ ಎಂದುಕೊಂಡೆ. ಬಂದ ಹೆಂಗಸರಿಗೆಲ್ಲ, "ನೋಡ್ರಿ ನನ್ನ ಸೊಸಿನ, ಎಂಥಾ ಛಲೋ ಬಾಣಂತಿ, ಒಂದು ಸೊಲ್ಲಿಲ್ಲ" ಎಂದು ಹೊಗಳಿದೆ. ಆಗ ನೀನು ನನ್ನ ಕಡೆ ತಿರುಗಿ ನೋಡಿದೆ. ಏನೋ ಹೇಳುವವಳಿದ್ದೆ. ನಾನು ಆರತಿ ತಟ್ಟೆ ಹಿಡಿದು ಹೊರಗೆ ಹೋದೆ. ತಪ್ಪಾಯಿತು ನನ್ನವ್ವಾ.

ಡಬ್ಬಿ ಇಲ್ಲಿಗೆ ಬಂದಾಗಿನಿಂದ ನೀನು ಗುಳಿಗೆಯಿಲ್ಲದೆ ಇದ್ದೀ. ನಮಗೆ ತಿಳಿದರೆ ನಿನ್ನನ್ನು ತವರಿನಲ್ಲೇ ಬಿಟ್ಟೇವೆಂಬ ಹೆದರಿಕೆಗೆ ಹೊಳಿಯಮ್ಮ ಬಾಯಿ ಬಿಟ್ಟಿರಲಿಕ್ಕಿಲ್ಲ. ಅದಕ್ಕೇ ಇದನ್ನು ಟಪಾಲಿಗೆ ಹಾಕದೆ ಗಾಳೇಶನ ಕೈಯಲ್ಲಿ ಕಳಿಸಿದ್ದೇನೆ. ಈ ಸಲ ಡಬ್ಬಿಯಲ್ಲಿ ಗುಳಿಗೆ ಮೇಲೆ, ಉಂಡಿ ಕೆಳಗೆ. ನಮ್ಮಿಂದ ಬಚ್ಚಿಡುವಂಥದ್ದು ಇನ್ನೇನೂ ಇಲ್ಲ. ನಾಳೆಯೇ ಗಂಡ ಹೆಂಡತಿ ಇಬ್ಬರೂ ಗಂಗಾವತಿಗೆ ಹೋಗಿ, ಗುಳಿಗೆ ತಪ್ಪಿದ್ದನ್ನು ಡಾಕ್ಟರಿಗೆ ತಿಳಿಸಿ, ಅವರು ಹೇಳಿದಂತೆ ಮಾಡಿ. ಕೂಸಿಗೆ ಹಾಲೂಡಿಸಿ ಅವ್ವನ ಕೈಗೆ ಕೊಟ್ಟು ಮಲಗು, ನಿದ್ದೆಯೂ ಔಷಧವೇ ಅಂತೆ. ಜೀವ ಬೇಡವೆನಿಸಿದರೆ, ಕೂಸಿಗೆ ಏನಾದರೂ ಮಾಡಿಬಿಟ್ಟೇನು ಎನಿಸಿದರೆ, ಒಬ್ಬಳೇ ಇರಬೇಡ, ಆ ಗಳಿಗೆಯೇ ಅವ್ವನನ್ನು ಕೂಗಿ ಡಾಕ್ಟರ ಹತ್ತಿರ ಹೋಗು. ಇದನ್ನು ಅವರು ನನಗೆ ಎರಡು ಸಲ ಹೇಳಿದರು.

ಅವ್ವನ ಮೇಲೆ ಸಿಟ್ಟಾಗಬೇಡ. ನಾನು ಹೊಗಳುತ್ತ ಕುಳಿತಿದ್ದಾಗ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಅವಳು. ಇದು ನಿನ್ನ ಮನೆ. ಮೂರು ತಿಂಗಳಿಗೆ ಬಂದರೂ ಸೈ, ಎಂಟು ತಿಂಗಳಿಗೆ ಬಂದರೂ ಸೈ.

ಡಬ್ಬಿಯನ್ನು ಬರಿದು ಕಳಿಸಬೇಡ. ಅಕ್ಕಿ ಬೇಡ, ಹೇಗಿದ್ದೀ ಎಂದು ಒಂದು ಸಾಲು ಬರೆದು ಹಾಕು. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದೇ ಬರೆ.

ಇಂತಿ ನಿನ್ನ ದಾರಿ ಕಾಯುವ ಅತ್ತೆ,
ಹಂಪವ್ವ

ತಾ.ಕ.: ಇದನ್ನು ಗಾಳೇಶನಿಗೆ ತೋರಿಸಬೇಡ. ಅವನನ್ನು ಹಡೆದಾಗ ನಾನೂ ಗೋಡೆ ನೋಡುತ್ತ ಮಲಗಿದ್ದೆ. ಅವನು ಅತ್ತರೆ ಯಾರದೋ ಮನೆಯ ಕೂಸು ಅಳುತ್ತಿದೆ ಎನಿಸುತ್ತಿತ್ತು. ಹಾಲೂಡಿಸಿ ಕೆಳಗಿಡುತ್ತಿದ್ದೆ, ಎತ್ತಿ ಆಡಿಸಿದವಳು ಪಕ್ಕದ ಮನೆಯ ಜೋಹರಾಬಿ. ಅದಕ್ಕೊಂದು ಹೆಸರಿದೆ, ಔಷಧವಿದೆ ಎಂದು ನನಗೆ ತಿಳಿದದ್ದು ಮೊನ್ನೆ ಆ ಕುರ್ಚಿಯಲ್ಲಿ ಕುಳಿತಾಗಲೇ. ನಾನಾಗಿ ಅವನ ಕೆನ್ನೆಗೆ ಮೊದಲ ಮುತ್ತು ಕೊಟ್ಟಾಗ ಅವನಿಗೆ ಏಳು ತಿಂಗಳು. ತಡವಾಯಿತು ಹೇಮಾ, ಆದರೆ ಬಂತು. ಓಣಿಯ ಮುದುಕಿಯರು ಇವತ್ತಿಗೂ ನನ್ನ ಬಾಣಂತನವನ್ನು ಹೊಗಳುತ್ತಾರೆ, ಒಂದು ಸೊಲ್ಲಿರಲಿಲ್ಲ ಎಂದು.