ಆ ಹೆಸರಿನ ಹೋರಿಗೆ ಪರವಾನಗಿ ಕೊಟ್ಟ ಸಾಹೇಬರಿಗೆ

ಮಾನ್ಯರೇ,

ಕ್ಷೇಮ ಕೇಳಿ ಕಾಗದ ಶುರು ಮಾಡುವ ಪದ್ಧತಿ ನನಗೂ ಗೊತ್ತಿದೆ. ಇವತ್ತು ಅದನ್ನು ಬಿಟ್ಟಿದ್ದೇನೆ. ದೀಪಾವಳಿ ಮುಗಿದ ಮೇಲೆ ನಡೆದ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ನಮ್ಮ ಮನೆಯ ಕರಿ ಹೋರಿ ಒಂದು ಹೊಲಸು ಹೆಸರು ಹೊತ್ತು ಓಡಿತು. ಪರವಾನಗಿ ಕೊಟ್ಟವರು ನೀವು. ವೇದಿಕೆಯ ಮೇಲೆ ಕೂತು ಆ ಹೆಸರು ಕೇಳಿ ನಕ್ಕವರು ನೀವು. ಅದೇ ಹೆಸರನ್ನು ಓದಿ ಬಹುಮಾನ ಕೊಟ್ಟವರೂ ನೀವೇ. ಆ ಹೆಸರಿನ ದೆಸೆಯಿಂದ ಹಾವೇರಿಯಲ್ಲಿ ನರ್ಸಿಂಗ್ ಓದುತ್ತಿದ್ದ ಒಬ್ಬ ಹುಡುಗಿ ಓದು ಬಿಟ್ಟು ತನ್ನ ಊರಿಗೆ ಹೋಗಿದ್ದಾಳೆ. ಇದನ್ನು ಹೇಳಲು ನಿಮ್ಮ ಕಚೇರಿಗೆ ಬಂದಾಗ ನೀವು ಚಹಾದ ಕಪ್ಪು ಕೆಳಗಿಡದೆ, "ಯಜಮಾನ್ರೇ, ಎತ್ತಿಗೆ ಯಾವ ಹೆಸರಿಟ್ಟರೇನು? ಅದೇನು ಬಂದು ದೂರು ಕೊಡುತ್ತದೆಯೇ?" ಅಂದಿರಿ. ಎತ್ತಿಗೂ ಹೋರಿಗೂ ವ್ಯತ್ಯಾಸ ತಿಳಿಯದವರ ಕೈಯಲ್ಲಿ ಹೋರಿ ಹಬ್ಬದ ಪರವಾನಗಿ ಇದೆ, ಇರಲಿ. ಹೋರಿ ದೂರು ಕೊಟ್ಟಿಲ್ಲ. ಅದಕ್ಕೇ ನಾನು ಕೊಡುತ್ತಿದ್ದೇನೆ.

ನಾನು ಹೋರಿಗೆ ಹಗ್ಗ, ಮೂಗುದಾರ, ಗೆಜ್ಜೆ ಸರ ಮಾಡಿಕೊಡುವ ಮುದುಕ. ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಹೆಸರಾದ ಹೋರಿಗಳ ಮೂಗು ನನ್ನ ಕೈಗೆ ಗೊತ್ತು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು. ಆದ್ದರಿಂದ ನಾನು ಹೇಳಿದ್ದನ್ನು ಮೊಮ್ಮಗಳು ಮೇಘಾ ತಿದ್ದಿ ಬರೆಯುತ್ತಿದ್ದಾಳೆ. ಅಕ್ಷರ ತಿದ್ದು, ಸಿಟ್ಟು ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ಆ ಹೆಸರನ್ನು ಮಾತ್ರ ಇಲ್ಲಿ ಬರೆಸುವುದಿಲ್ಲ. ಬರೆಸಿದರೆ ಇದೂ ಒಂದು ಬ್ಯಾನರ್ ಆಗುತ್ತದೆ. ಬಿಳಿ ಜನ ಆಫ್ರಿಕಾದ ಕರಿ ಜನರನ್ನು ಕೊಂಡು ತಂದು, ದನದ ಹಾಗೆ ದುಡಿಸಿಕೊಂಡು, ಕರೆಯುತ್ತಿದ್ದ ಬೈಗುಳ ಅದು. ನನ್ನ ಮೊಮ್ಮಗ ಯುವರಾಜ ಅದನ್ನು ಕಲಿತದ್ದು ಮೊಬೈಲ್ ಆಟದಲ್ಲಿ. ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುವ ಹುಡುಗ ಅವನು. ಪಾಳಿ ಮುಗಿದ ಮೇಲೆ ಅವನೂ ಗೆಳೆಯರೂ ಕಿವಿಗೆ ವಾಯರು ಸಿಕ್ಕಿಸಿಕೊಂಡು ಆಡುತ್ತಾರೆ, ಒಬ್ಬರನ್ನೊಬ್ಬರು ಅದೇ ಮಾತಿನಿಂದ ಕರೆದುಕೊಂಡು ನಗುತ್ತಾರೆ. ತಮಿಳುನಾಡಿನಿಂದ ಹೋರಿ ತಂದರು. ಮಸಿಯಂಥ ಬಣ್ಣ, ಎಣ್ಣೆ ಹಚ್ಚಿದಂತೆ ಮೈ. ಹುಡುಗರು ಸುತ್ತ ನಿಂತು ನೋಡಿದರು, ಆ ಹೆಸರಿಟ್ಟರು, ತಾವು ತೊಡುವ ಹಳದಿ ಅಂಗಿಯ ಬೆನ್ನಿಗೆ ಅಚ್ಚು ಹಾಕಿಸಿದರು. ಹೋರಿಗೆ ಡಾನ್, ರಾಕ್ಷಸ ಎಂದೆಲ್ಲ ಹೆಸರಿಡುವ ಕಾಲ ಇದು. ಇದೂ ಇಂಗ್ಲಿಷಿನ ಯಾವನೋ ರಾಜನ ಹೆಸರಿರಬೇಕೆಂದು ನನ್ನ ಹೆಂಡತಿ ಮಂಗಳವ್ವ ತಿಳಿದಳು. ದಿನಾ ಬೆಳಗ್ಗೆ ಹಿಂಡಿ ಕಲಸಿ ತಂದು ಆ ಹೆಸರು ಹಿಡಿದು ಕರೆಯುತ್ತಿದ್ದಳು. ನಾಲಿಗೆ ತಿರುಗದೆ ಅದಕ್ಕೊಂದು ಅಪ್ಪ ಸೇರಿಸಿಕೊಂಡಿದ್ದಳು.

ಇನ್ನು ಆ ಹುಡುಗಿಯ ವಿಷಯ. ಅವಳ ಹೆಸರು ಜೈತೂನಬಿ. ಮುಂಡಗೋಡ ದಾಟಿ ಕಾಡಿನ ಕಡೆಯ ಒಂದು ಊರಿನ ಸಿದ್ದಿಯರ ಮಗಳು. ಅವಳ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ತಂದು ಈ ಕಡೆ ಮಾರಿದರಂತೆ. ಈಗ ಅವರೂ ಈ ಮಣ್ಣಿನವರು, ನಮ್ಮ ಹಾಗೆಯೇ ಮಾತು, ನಮ್ಮ ಹಾಗೆಯೇ ಬಡತನ. ಮೇಘಾಳೂ ಅವಳೂ ಒಂದೇ ಕ್ಲಾಸು, ಹಾಸ್ಟೆಲಿನಲ್ಲಿ ಅಕ್ಕಪಕ್ಕದ ಮಂಚ. ರಜೆಯಲ್ಲಿ ನಮ್ಮ ಮನೆಗೆ ಬರುತ್ತಿದ್ದಳು. ಮಂಗಳವ್ವನಿಗೆ ಬಿಪಿ ನೋಡಿ, ಉಪ್ಪಿನಕಾಯಿ ತಿಂದದ್ದಕ್ಕೆ ಬೈದು, ಆಮೇಲೆ ಅದೇ ಉಪ್ಪಿನಕಾಯಿಯನ್ನು ತಾನು ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದಳು. ಆ ದೀಪಾವಳಿಗೂ ಬಂದಳು. ಹೋರಿಗೆ ಕೊಬ್ಬರಿ ಸರ ಪೋಣಿಸಿದಳು, ಬಾಯಿ ನೋಯುವ ತನಕ ಬಲೂನು ಊದಿದಳು.

ನಮ್ಮ ಕಡೆಯ ಪದ್ಧತಿ ನಿಮಗೆ ತಿಳಿದಿರಲಿಕ್ಕಿಲ್ಲ. ಹೋರಿ ಅಖಾಡಕ್ಕೆ ಹೊರಡುವ ಮುಂಚೆ ಮನೆಯ ಹೆಣ್ಣುಮಕ್ಕಳು ಆರತಿ ಬೆಳಗಬೇಕು; ಬೆಳಗುವಾಗ ಹೆಸರು ಹಿಡಿದು, ಗೆದ್ದು ಬಾ ಎಂದು ಹರಸಬೇಕು. ಮಂಗಳವ್ವ ಬೆಳಗಿದಳು, ಮೇಘಾ ಬೆಳಗಿದಳು. ಆಮೇಲೆ ಮಂಗಳವ್ವ ತಟ್ಟೆಯನ್ನು ಜೈತೂನಬಿಯ ಕೈಗೆ ಕೊಟ್ಟು, "ನೀನೂ ಈ ಮನಿ ಮಗಳವಾ. ಹೆಸರು ಹಿಡಿದು ಕರಿ, ಅದಕ್ಕ ತಿಳೀತೈತಿ" ಅಂದಳು. ಹುಡುಗಿ ತಟ್ಟೆ ಹಿಡಿದು ನಿಂತಳು. ಆರತಿ ಬೆಳಗಿದಳು. ಹೆಸರು ಮಾತ್ರ ಬಾಯಿಂದ ಬರಲಿಲ್ಲ. ನಾಚಿಕೆ ಇರಬೇಕೆಂದು ನಾವೆಲ್ಲ ನಕ್ಕೆವು.

ಅಲ್ಲಿಗೇ ಮುಗಿದಿದ್ದರೆ ಆ ಹುಡುಗಿ ನುಂಗಿಕೊಳ್ಳುತ್ತಿದ್ದಳೋ ಏನೋ. ಅಖಾಡದಲ್ಲಿ ನೀವಿದ್ದಿರಿ. ಮೈಕು ಹಿಡಿದವನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಸ್ಥರ ಮಗ ಪ್ರವೀಣಕುಮಾರ. ಅವನ ಧ್ವನಿಗೇ ಜನ ಸೇರುತ್ತಾರೆ ಎಂದು ಕಮಿಟಿಯವರು ಅವನನ್ನು ಕರೆಸುತ್ತಾರೆ. ನಮ್ಮ ಹೋರಿ ಬಿಟ್ಟಾಗ ಅವನು ಆ ಹೆಸರನ್ನು ಎಳೆದೆಳೆದು ಕೂಗಿದ, ಹಳದಿ ಅಂಗಿಯವರು ತಿರುಗಿ ಕೂಗಿದರು. ಹೋರಿ ಕೊಬ್ಬರಿ ಹರಿಯಲು ಬಿದ್ದವರ ಒಬ್ಬರ ಕೈಗೂ ಸಿಗದೆ, ಒಂದು ಕೊಬ್ಬರಿ ಚೂರೂ ಕಳೆದುಕೊಳ್ಳದೆ ಪಾರಾಯಿತು. ಆಗ ಪ್ರವೀಣಕುಮಾರನ ಕಣ್ಣು ಹೆಂಗಸರ ಕಡೆ ನಿಂತಿದ್ದ ಜೈತೂನಬಿಯ ಮೇಲೆ ಬಿತ್ತು. ಮೈಕಿನಲ್ಲಿ ಅವನು ಹೇಳಿದ್ದು ಇಷ್ಟು: "ನೋಡವಾ ತಂಗೀ, ನಿಮ್ಮಣ್ಣ ಗೆದ್ದು ಬಂದ."

ಇಡೀ ಬಯಲು ನಕ್ಕಿತು. ಯುವರಾಜ ನಕ್ಕ. ನೀವು ಪಕ್ಕದವರ ತೊಡೆಗೆ ಹೊಡೆದು ನಕ್ಕಿರಿ. ನನಗೂ ಅದು ಎಲ್ಲರಿಗೂ ಮಾಡುವ ಚೇಷ್ಟೆಯೆಂದೇ ಅನಿಸಿತು, ಅವಳ ಮುಖ ನೋಡುವ ತನಕ.

ಮನೆಗೆ ಬಂದ ಮೇಲೆ ಅವಳು ಚೀಲ ಕಟ್ಟಿಕೊಂಡಳು. ಮಂಗಳವ್ವ ಕಾರಣ ಕೇಳಿದರೆ ತಲೆನೋವು ಎಂದಳು. ಬಸ್ ನಿಲ್ದಾಣಕ್ಕೆ ಕಳಿಸಲು ನಾನೇ ಹೋದೆ. ಬೆಂಚಿನ ಮೇಲೆ ಕೂತಾಗ ಕೇಳಿದಳು, "ಅಜ್ಜಾರ, ಆ ಹೆಸರಿನ ಅರ್ಥ ನಿಮಗ ಗೊತ್ತೈತೇನ್ರಿ?" ಇಲ್ಲವೆಂದೆ. ಹೇಳಿದಳು. ಶಾಲೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಆ ಹೆಸರಿನಿಂದ ತನ್ನನ್ನು ಯಾರ್‍ಯಾರು ಕರೆದಿದ್ದಾರೆ ಎಂದೂ ಹೇಳಿದಳು. ಅಳಲಿಲ್ಲ. ರೋಗಿಗೆ ರೋಗದ ಹೆಸರು ಹೇಳುವಂತೆ ಸಮಾಧಾನದಿಂದ ಹೇಳಿದಳು. ಕೊನೆಗೆ, "ಆ ಹೆಸರು ಕೇಳದಿದ್ದ ಜಾಗಾ ನಿಮ್ಮ ಮನೀ ಒಂದ ಉಳದಿತ್ರಿ" ಅಂದಳು. ಬಸ್ಸು ಬಂತು.

ಸಾಹೇಬರೇ, ನಾನು ಸಿಟ್ಟಿನ ಮನುಷ್ಯ. ಮನೆಗೆ ಬಂದವನೇ ಕೈಗೆ ಸಿಕ್ಕ ಹಗ್ಗದಿಂದ ಯುವರಾಜನಿಗೆ ಎರಡು ಬಿಗಿದೆ. ಅದರಿಂದ ಏನೂ ಆಗಲಿಲ್ಲ. ಹೊಡೆತ ತಿಂದ ಹುಡುಗ ಹೊಡೆತದ ಲೆಕ್ಕ ಇಡುತ್ತಾನೆ, ಮಾತಿನದಲ್ಲ. ಎದುರು ನಿಂತು ಅವನು ಹೇಳಿದ್ದು: "ನಾವೇನ್ ಬೈಯ್ಯಾಕ ಇಟ್ಟೇವೇನು ಅಜ್ಜಾ? ಪ್ರೀತೀಲೆ ಇಟ್ಟೇವಿ. ಆ ಹೋರಿಗೆ ನಾವು ಪೂಜಾ ಮಾಡತೇವಿ."

ನೀವೂ ಇದನ್ನೇ ಹೇಳಿದಿರಿ, ಚೊಕ್ಕ ಕನ್ನಡದಲ್ಲಿ. ಹುಡುಗರು ಅಭಿಮಾನದಿಂದ ಇಟ್ಟ ಹೆಸರು, ದುರುದ್ದೇಶವಿಲ್ಲ ಎಂದಿರಿ. ಪ್ರೀತಿಯ ಮಾತು ಬಂದದ್ದಕ್ಕೆ ನನ್ನದೂ ಒಂದು ಕಥೆ ಕೇಳಿ. ನಾನು ಶಾಲೆಗೆ ಹೋಗುತ್ತಿದ್ದಾಗ ಅಲ್ಲಿ ನನಗೆ ಲಕ್ಕಪ್ಪ ಎಂಬ ಹೆಸರೇ ಇರಲಿಲ್ಲ. ಜಾತಿಯ ಹೆಸರೇ ನನ್ನ ಹೆಸರು. ಹಾಜರಿ ಕರೆಯುವಾಗ ಒಂದು ಸಲ ಲಕ್ಕಪ್ಪ ಎಂದರೆ ನಾನೇ ಓ ಅನ್ನಲು ಮರೆತೆ. ಬೈಯುವವರು ಇದ್ದರು, ಅವರ ಮಾತು ಬಿಡಿ. ಮರೆಯಲ್ಲಿ ನಾನೂ ಅವರನ್ನು ಬೈಯುತ್ತಿದ್ದೆ, ಲೆಕ್ಕ ಚುಕ್ತಾ. ಮಾಸ್ತರರು ಮಾತ್ರ ಒಳ್ಳೆಯವರು. ಬೆಲ್ಲ ಕೊಡುತ್ತಿದ್ದರು, ತಲೆ ಸವರುತ್ತಿದ್ದರು, ಸವರುತ್ತಲೇ ಆ ಜಾತಿಯ ಹೆಸರು ಹಿಡಿದು ಬಾರಪ್ಪಾ ಎಂದು ಕರೆಯುತ್ತಿದ್ದರು. ಬೆಲ್ಲ ಕೊಟ್ಟವರಿಗೆ ಏನೆಂದು ಹೇಳಲಿ? ಯಾರ ಮುಂದೆ ದೂರಲಿ? ಒಂದು ದಿನ ಶಾಲೆಗೆ ಹೋಗಲಿಲ್ಲ, ಮತ್ತೆ ಹೋಗಲೇ ಇಲ್ಲ. ಬೈಗುಳಕ್ಕೆ ಉತ್ತರವಿದೆ, ಸಾಹೇಬರೇ. ಪ್ರೀತಿಯಿಂದ ಬೈದರೆ ಉತ್ತರವಿಲ್ಲ.

ಹಗ್ಗ ಬಿಟ್ಟು ಮಾತಿಗೆ ಕೂತದ್ದು ಆಮೇಲೆ. ಮಾತೆಂದರೆ ಒಂದೇ ದಿನದ್ದಲ್ಲ. ಹೋರಿಯ ಮೈ ತಿಕ್ಕುವಾಗ ಒಂದಿಷ್ಟು, ಊಟಕ್ಕೆ ಕೂತಾಗ ಒಂದಿಷ್ಟು. ಅವನು ಎದ್ದು ಹೋಗುತ್ತಿದ್ದ, ನಾನು ಬೈಯುತ್ತಿದ್ದೆ, ಮತ್ತೆ ಶುರು ಮಾಡುತ್ತಿದ್ದೆ. ಒಂದು ದಿನ ಕೇಳಿದೆ, ಮೇಲಿನ ಓಣಿಯವರು ತಮ್ಮ ಹೋರಿಗೆ ನಮ್ಮ ಜಾತಿಯ ಹೆಸರಿಟ್ಟು ಮೈಕಿನಲ್ಲಿ ಕೂಗಿಸಿದರೆ ಏನು ಮಾಡುತ್ತೀ ಎಂದು.

"ಕೇಸ್ ಹಾಕತೇನಿ" ಅಂದ, ಯೋಚಿಸದೆ.

"ಅವರೂ ಪ್ರೀತೀಲೆ ಇಟ್ಟಿದ್ರ?"

ಅವನ ಕೈ ಹೋರಿಯ ಬೆನ್ನಿನ ಮೇಲೆ ನಿಂತಿತು. ಆ ಹುಡುಗಿ ಅಲ್ಲಿ ನಿಂತದ್ದು ತನಗೆ ನೆನಪೇ ಇರಲಿಲ್ಲ ಎಂದ. ಸುಳ್ಳಲ್ಲ. ನೆನಪಿರಲಿಲ್ಲ. ಆ ಮಾತು ತಾಗುವ ಒಂದು ಮನುಷ್ಯ ಜೀವ ಇರುತ್ತದೆ ಎಂಬುದೇ ಇವರಿಗೆ ನೆನಪಿರುವುದಿಲ್ಲ. ನಮ್ಮ ಓಣಿಯ ಹುಡುಗ, ನನ್ನ ರಕ್ತ, ಇನ್ನೊಬ್ಬರ ಮೈಬಣ್ಣ ಕಂಡು ನಗಲು ಕಲಿತ. ಇದಕ್ಕೆ ನಾನು ಯಾರ ಮೇಲೆ ಕೇಸ್ ಹಾಕಲಿ?

ರಜೆ ಮುಗಿದರೂ ಅವಳು ಹಾಸ್ಟೆಲಿಗೆ ಬರಲಿಲ್ಲವೆಂದು ಮೇಘಾ ಹೇಳಿದ ಮೇಲೆ ಅಜ್ಜ ಮೊಮ್ಮಗ ಇಬ್ಬರೂ ಬಸ್ಸು ಹತ್ತಿ ಅವಳ ಊರಿಗೆ ಹೋದೆವು. ಅವಳ ತಂದೆ ದಾದಾಸಾಬ ಜೇನು ಬಿಡಿಸುವವರು, ಕಡಿಮೆ ಮಾತಿನವರು. ಕುಂದ್ರಿ ಎಂದರು, ಚಹಾ ಕೊಟ್ಟರು. ಯುವರಾಜ ತಲೆ ಬಗ್ಗಿಸಿ, ತಪ್ಪಾಯಿತು ಎಂದ. ದಾದಾಸಾಬರು ಹುಡುಗಿಯನ್ನು ನೋಡಿದರು. ಅವಳು ಬಾಗಿಲಲ್ಲಿ ನಿಂತಿದ್ದಳು, ಅಲ್ಲಿಂದಲೇ ಹೇಳಿದಳು:

"ಮೈಕಿನ್ಯಾಗ ಅಂದಿದ್ದನ್ನ ಮನಿಯೊಳಗ ಬಂದು ತೊಳದ್ರ ಹೋಗೂದಿಲ್ಲಣ್ಣ. ಅವತ್ತು ನಕ್ಕವರು ನಾಳೆ ನಾ ಇಂಜೆಕ್ಷನ್ ಮಾಡಾಕ ಹ್ವಾದ್ರ ಮತ್ತ ನಗತಾರ. ಅವರಿಗೆ ಯಾರು ಹೇಳೋರು?"

ಬೈದದ್ದಲ್ಲ ಅದು, ಕೇಳಿದ್ದು. ನಾವು ಹೊರಡುವಾಗ, ಮಂಗಳವ್ವ ಕಳಿಸಿದ್ದ ಉಪ್ಪಿನಕಾಯಿ ಡಬ್ಬಿಯನ್ನು ಮಾತ್ರ ಅವಳು ತೆಗೆದುಕೊಂಡಳು. ಪರೀಕ್ಷೆ ಹತ್ತಿರ ಬಂದಿದೆ. ಇನ್ನೂ ತಡಮಾಡಿದರೆ ಅವಳ ವರ್ಷ ಹೋಗುತ್ತದೆ, ಬಹುಶಃ ಓದೇ ಹೋಗುತ್ತದೆ. ಶಾಲೆ ಬಿಟ್ಟವನ ಮಾತು ಇದು, ನಂಬಿ.

ಅಂಗಿಗಳನ್ನು ಯುವರಾಜ ವಾಪಸ್ ಕೇಳಿದ. ಗೆಳೆಯರು ಅರ್ಧ ಜನ ಕೊಟ್ಟರು. ಉಳಿದವರು ಅಜ್ಜನ ಮಾತು ಕೇಳಿ ಹೆಣ್ಣಾದಿ ಎಂದು ಹಂಗಿಸಿ ಬೇರೆ ಹೋರಿಯ ಹಿಂದೆ ಹೋದರು. ಮನೆಯಲ್ಲಿ ಹೋರಿಗೆ ಹೊಸ ಹೆಸರಿಟ್ಟೆವು. ಕರೆದರೆ ಅದು ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಕಲಿಸಿದ ಹೆಸರು ಅದೊಂದೇ. ಮಂಗಳವ್ವ ಹಿಂಡಿಯ ಬುಟ್ಟಿ ಹಿಡಿದು ಏನೂ ಅನ್ನದೆ ಅದರ ಮುಂದೆ ನಿಲ್ಲುತ್ತಾಳೆ.

ಮೈಕಿನ ಮುಂದೆ ತಾನು ಮಾತಾಡುತ್ತೇನೆಂದು ಯುವರಾಜ ಪ್ರವೀಣಕುಮಾರನನ್ನು ಕೇಳಿದ್ದಾನೆ. "ಸಾಹೇಬ್ರೇ ನಕ್ಕಾರ, ತಪ್ಪಾಗಿದ್ರ ಅವರ ಹೇಳತಿದ್ರು" ಎಂದು ಪ್ರವೀಣಕುಮಾರ ಇವನನ್ನು ವಾಪಸ್ ಕಳಿಸಿದನಂತೆ. ನೋಡಿದಿರಾ? ನಿಮ್ಮ ಒಂದು ನಗು ಈ ಸೀಮೆಯಲ್ಲಿ ಸುತ್ತೋಲೆಯ ಹಾಗೆ ಓಡಾಡುತ್ತಿದೆ. ನಾನು ಓಣಿ ಓಣಿ ತಿರುಗಿ ಹೇಳಿದ ಮಾತು ಅದರ ಮುಂದೆ ನಿಲ್ಲುತ್ತಿಲ್ಲ.

ಆದ್ದರಿಂದ ಕೇಳುತ್ತೇನೆ. ಹುಡುಗರನ್ನು ಠಾಣೆಗೆ ಕರೆಸಬೇಡಿ. ಹೆದರಿದವರು ಆ ಮಾತನ್ನು ಮೆಲ್ಲಗೆ ಆಡಲು ಕಲಿಯುತ್ತಾರೆ, ಅಷ್ಟೇ. ಹೋರಿ ಹಬ್ಬ ನಿಲ್ಲಿಸಲೂಬೇಡಿ, ಅದು ನಮ್ಮ ಉಸಿರು. ಪರವಾನಗಿಯಲ್ಲಿ ಆಂಬುಲೆನ್ಸ್ ಇರಬೇಕು, ದನದ ಡಾಕ್ಟರ್ ಇರಬೇಕು, ಬ್ಯಾರಿಕೇಡ್ ಕಟ್ಟಬೇಕು ಎಂದು ಬರೆಯುತ್ತೀರಲ್ಲ, ಅದರ ಕೆಳಗೆ ಒಂದು ಸಾಲು ಬರೆಯಿರಿ: ಯಾರ ಜಾತಿ, ಯಾರ ಮೈಬಣ್ಣವನ್ನೂ ಹಂಗಿಸುವ ಹೆಸರಿನ ಹೋರಿಯನ್ನು ಅಖಾಡಕ್ಕೆ ಬಿಡಕೂಡದು. ಬರೆದು ಕಚೇರಿಯಲ್ಲಿ ಕೂರಬೇಡಿ. ಈ ಹಂಗಾಮಿನ ಕೊನೆಯ ಸ್ಪರ್ಧೆಯ ಅರ್ಜಿ ನಿಮ್ಮ ಮೇಜಿನ ಮೇಲಿದೆ. ಅವತ್ತು ಬನ್ನಿ. ಹೋರಿ ಬಿಡುವ ಮೊದಲು ಯುವರಾಜನ ಕೈಗೆ ಮೈಕು ಕೊಡಿಸಿ. ಅವನಿಗೆ ಮಾತು ಬರುವುದಿಲ್ಲ, ತಡವರಿಸುತ್ತಾನೆ. ಜನ ಕೂಗುತ್ತಾರೆ, ಸಿಳ್ಳೆ ಹಾಕುತ್ತಾರೆ. ಆಗ ನೀವು ವೇದಿಕೆಯಿಂದ ಎದ್ದು ಬಂದು ಅವನ ಪಕ್ಕ ನಿಲ್ಲಬೇಕು. ಅವನ ಮಾತು ಮುಗಿದ ಮೇಲೆ, ಅವತ್ತು ನಕ್ಕದ್ದು ತಪ್ಪು ಎಂದು ನಿಮ್ಮ ಬಾಯಿಂದ ನೀವು ಹೇಳಬೇಕು.

ಹೇಳಿದರೆ ಹುಡುಗಿ ಬರುತ್ತಾಳೆಂದು ನಾನು ಮಾತು ಕೊಡಲಾರೆ. ಅವಳು ಹಾಗೆಂದು ಹೇಳಿಲ್ಲ, ಅವಳಿಗೆ ಕರಾರು ಹಾಕಲು ನಾವು ಯಾರು? ಆದರೆ ಮೇಘಾ ಅವತ್ತು ಫೋನು ಹಚ್ಚಿ ಹಿಡಿದು ನಿಲ್ಲುತ್ತಾಳೆ. ಆ ಕಡೆ, ಕಾಡಿನ ಅಂಚಿನ ಒಂದು ಮನೆಯಲ್ಲಿ, ಅಪ್ಪ ಮಗಳು ಕೇಳಿಸಿಕೊಳ್ಳುತ್ತಿರುತ್ತಾರೆ. ಸ್ವಲ್ಪ ಗಟ್ಟಿಯಾಗಿ ಮಾತಾಡಿ, ಸಾಹೇಬರೇ. ಅಲ್ಲಿ ಸಿಗ್ನಲ್ ಕಡಿಮೆ.

ಇಂತಿ,
ಬೈಯಲು ಬಲ್ಲವನು, ಬೇಡಿಕೊಳ್ಳುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತಿರುವವನು,
ಹಗ್ಗದ ಲಕ್ಕಪ್ಪ