ಅವ್ವನ ಕೈಗೆ ಬಂದ ಕ್ಯಾಮೆರಾ

ಬೆಟಗೇರಿ,
೨೧ ಜನವರಿ ೨೦೨೫

ಪ್ರೀತಿಯ ಅಣ್ಣಾ,

ಪ್ರೀತಿಯ ಎಂದು ಬರೆದದ್ದು ರೂಢಿಗೆ, ಸಿಟ್ಟು ಇಳಿದಿಲ್ಲ. ಸೊಲ್ಲಾಪುರದಲ್ಲಿ ಹೇಗಿದ್ದೀ? ಬೆನ್ನುನೋವು ಕಡಿಮೆಯಾಯಿತೇ? ಶೀತಲ್ ವೈನಿ ಮತ್ತು ಕೂಸು ಮುಂಡರಗಿಯ ತವರಿನಲ್ಲಿ ಆರಾಮ ಇದ್ದಾರೆಂದು ತಿಳಿಯಿತು. ನಾನೂ ಅವ್ವನೂ ಚೆನ್ನಾಗಿದ್ದೇವೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ದನಿ ಏರಿದ ಕೂಡಲೇ ‘ಆಮ್ಯಾಲೆ ಮಾತಾಡೂಣು’ ಎಂದು ಇಟ್ಟುಬಿಡುವ ಚಟ ನಿನಗಿದೆ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ.

ನೀನು ಅವ್ವನಿಗೆಂದು ಕಳಿಸಿದ ಕ್ಯಾಮೆರಾ ಮುಟ್ಟಿತು. ‘ಒಂದಿನ ಅಡ್ಡಾಡಿ ನೋಡಿ ಹೆಂಗೈತಿ ಹೇಳು, ಚಲೋ ಇದ್ರ ನಮಗೂ ಒಂದು ತರಸ್ತೇನಿ’ ಎಂದಿದ್ದೆಯಲ್ಲ, ಹೇಳುತ್ತೇನೆ ಕೇಳು. ಡಬ್ಬಿಯ ಮೇಲೆ ಅರವತ್ತನಾಲ್ಕು ಮೆಗಾಪಿಕ್ಸೆಲ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ, ಒಳಗೆ ಮೆಮೊರಿ ಕಾರ್ಡೇ ಇಲ್ಲ. ಅದನ್ನು ಬೇರೆ ಕೊಂಡು, ಕಳೆದ ಭಾನುವಾರ ಅವ್ವನ ಜೊತೆ ಲಕ್ಷ್ಮೇಶ್ವರದ ಬಸ್ಸು ಹಿಡಿದೆ. ಕಿಟಕಿಯಿಂದ ತೆಗೆದ ವಿಡಿಯೋ ನೋಡಿದರೆ ತಲೆ ತಿರುಗುತ್ತದೆ. ಕಡಲೆ ಹೊಲ ಯಾವುದು, ರಸ್ತೆ ಯಾವುದು ತಿಳಿಯುವುದಿಲ್ಲ. ಕೇಳಿಸುವುದು ಬರೀ ಗಾಳಿ. ಸೋಮೇಶ್ವರ ಗುಡಿಯ ಹೊರಗೆ ಬಿಸಿಲಲ್ಲಿ ಬಂದ ಫೋಟೋ ಪರವಾಗಿಲ್ಲ, ಸುಳ್ಳೇಕೆ ಹೇಳಲಿ. ಒಳಗೆ ಕಾಲಿಟ್ಟೊಡನೆ ಎಲ್ಲರ ಮೋರೆಗೂ ಮಸಿ ಬಳಿದ ಹಾಗೆ. ಝೂಮ್ ಮಾಡಿದರೆ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರ ಯಾವುದೋ ಬಿಳಿ ಕಲೆ. ಬ್ಯಾಟರಿಯಂತೂ ಗುಡಿಯಿಂದ ತಿರುಗಿ ಬರುವಾಗ ಶಿರಹಟ್ಟಿ ದಾಟುವ ಮೊದಲೇ ಕಣ್ಣು ಮುಚ್ಚಿತು, ಬೆಳ್ಳಟ್ಟಿಯ ಅತ್ತೆಯ ಮನೆಯಲ್ಲಿ ಎರಡು ತಾಸು ಚಾರ್ಜಿಗಿಟ್ಟೆವು. ನಿಮಗೆ ಇನ್ನೊಂದು ತರಿಸಬೇಡ. ನನ್ನ ಒಡೆದ ಮೊಬೈಲೇ ಇದಕ್ಕಿಂತ ಮೇಲು.

ಅವ್ವನಿಗೆ ಮಾತ್ರ ಅದು ಬಹಳ ಹಿಡಿಸಿತು. ಗುಡಿಯ ಮುಂದೆಯೇ ನನ್ನ ಕೈಯಿಂದ ಕಸಿದುಕೊಂಡು ‘ನೀ ಹೋಗಿ ನಿಂದ್ರು, ನಾ ತಗೀತೇನಿ’ ಎಂದಳು. ಬೆಳ್ಳಟ್ಟಿಯಲ್ಲಿ ಅತ್ತೆಯ ಎಮ್ಮೆಯಿಂದ ಹಿಡಿದು ಮೊಮ್ಮಕ್ಕಳ ತನಕ ಯಾರನ್ನೂ ಬಿಡಲಿಲ್ಲ. ಅಪ್ಪ ಹೋದ ಮೇಲೆ ಅವ್ವ ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ನಿನ್ನ ಮೇಲಿನ ಸಿಟ್ಟು ಅರ್ಧ ಇಳಿದಿತ್ತು ಕೂಡ. ಮರುದಿನ ಎಲ್ಲ ಫೋಟೋ ತೆರೆದು ನೋಡಿದೆ. ನೂರಾ ಎಂಬತ್ತಮೂರು. ಒಂದರಲ್ಲೂ ಅವ್ವ ಇಲ್ಲ. ಯಾಕೆಂದು ಕೇಳಿದರೆ, ಕಾಳು ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು: ‘ಇದು ಕೈಯಾಗ ಇದ್ರ ನನಗ ಯಾರೂ ಆಕಡೆ ಸರೀರಿ ಅನ್ನೂದಿಲ್ಲ ನೋಡು.’

ನಿನಗೆ ನೆನಪಾಯಿತೇ? ನಿನ್ನ ಮದುವೆಯ ಹೊತ್ತಿಗೆ ಅಪ್ಪ ಹೋಗಿ ವರ್ಷ ತುಂಬಿತ್ತಷ್ಟೇ. ಮನೆಯವರ ಫೋಟೋ ತೆಗೆಯುವಾಗ ಅವ್ವ ನಿನ್ನ ಪಕ್ಕ ಬಂದು ನಿಂತಿದ್ದಳು. ವೈನಿಯ ಕಡೆಯ ಹೆಂಗಸೊಬ್ಬಳು ‘ಅವ್ವಾರ, ನೀವು ಆಕಡೆ ಸರೀರಿ, ಮುತ್ತೈದೇರು ನಿಂದ್ರಲಿ’ ಎಂದಳು. ನೀನು ಪೇಟ ಸರಿಮಾಡಿಕೊಂಡು ಫೋಟೋದವನನ್ನೇ ನೋಡುತ್ತ ನಿಂತೆ. ನಿನಗೆ ಕೇಳಿಸಿತ್ತು, ನಾನು ನಿನ್ನ ಮುಖ ನೋಡಿದ್ದೇನೆ. ಆ ಹೆಂಗಸು ಯಾರೋ, ಅವಳ ಮೇಲೆ ನನಗೇನೂ ಇಲ್ಲ. ನಿನ್ನ ಮೇಲಿದೆ. ನಮ್ಮನ್ನು ಹೆತ್ತವಳು ಈಗ ಕ್ಯಾಮೆರಾದ ಹಿಂದೆ ಅಡಗುವುದನ್ನು ಕಲಿತಿದ್ದಾಳೆ, ಅದಕ್ಕೆ ಸಾಮಾನು ಒದಗಿಸಿದವನೂ ನೀನೇ.

ವೈನಿಗೆ ನನ್ನ ನೆನಪು, ಕೂಸಿಗೆ ಮುತ್ತು. ಅವ್ವ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ತಿಳಿಸಿದ್ದೇನೆ. ನನ್ನ ಕಡೆಯಿಂದ ಸದ್ಯಕ್ಕೆ ಏನೂ ಇಲ್ಲ.

ನಿನ್ನ ತಂಗಿ,
ಸುನಿತಾ

ತಾ.ಕ.: ಅಂಚೆಯ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಬರುವ ತಿಂಗಳು ಕೂಸಿಗೆ ಹೆಸರಿಡುವ ದಿನ ಅವ್ವ ಈ ಕ್ಯಾಮೆರಾ ಹಿಡಿದೇ ನನ್ನ ಜೊತೆ ಮುಂಡರಗಿಗೆ ಬರುತ್ತಾಳೆ. ಇದರಲ್ಲಿ ನೆಟ್ಟಗೆ ಕೆಲಸ ಮಾಡುವುದು ಟೈಮರ್ ಒಂದೇ. ಗುಂಡಿ ಒತ್ತಿದರೆ ಹತ್ತು ಸೆಕೆಂಡಿಗೆ ತಾನೇ ಫೋಟೋ ತೆಗೆಯುತ್ತದೆ. ಅವ್ವನ ಕೈಯಿಂದ ಅದನ್ನು ಇಸಿದುಕೊಂಡು ಕುರ್ಚಿಯ ಮೇಲಿಡು. ಕೂಸನ್ನು ಅವಳ ತೊಡೆಯ ಮೇಲೆ ಮಲಗಿಸು. ಗುಂಡಿ ಒತ್ತಿ, ಓಡಿ ಬಂದು ಅವಳ ಪಕ್ಕ ಕೂಡು. ಆ ಹತ್ತು ಸೆಕೆಂಡಿನಲ್ಲಿ ಯಾರಾದರೂ ಸರೀರಿ ಎಂದರೆ ಈ ಸಲ ಬಾಯಿ ತೆರೆಯಬೇಕಾದವನು ನೀನು. ತೆರೆಯದಿದ್ದರೆ ಅವ್ವನನ್ನು ಎಬ್ಬಿಸಿಕೊಂಡು ಮುಂದಿನ ಗದಗ ಬಸ್ಸಿಗೇ ತಿರುಗಿ ಬರುತ್ತೇನೆ. ನಿನ್ನ ಕ್ಯಾಮೆರಾ ಆ ಕುರ್ಚಿಯ ಮೇಲೇ ಇರುತ್ತದೆ.